ಕೊಕ್ಕೆ ಮೇಷ್ಟ್ರ ಟ್ರ್ಯಾಕ್ಟರು

ಬಾನೆಟ್ಟಿನ ಮೇಲೆ ಅಂಗೈ ಇಟ್ಟವಳು ಹಾಗೇ ನಿಂತುಬಿಟ್ಟಳು. ಬೆಚ್ಚಗಿತ್ತು. ಅಪ್ಪ ಆಸ್ಪತ್ರೆ ಸೇರಿದ ಮೇಲೆ ಆ ಟ್ರ್ಯಾಕ್ಟರನ್ನು ಯಾರೂ ಮುಟ್ಟಿರಲಿಲ್ಲ. ಶೆಡ್ಡಿನ ನೆರಳಲ್ಲಿ ಅದು ಕಲ್ಲಿನ ಹಾಗೆ ತಣ್ಣಗಿರಬೇಕಿತ್ತು. ನಂಬಿಕೆಯಾಗದೆ ಬಾನೆಟ್ ಎತ್ತಿ ಸೈಲೆನ್ಸರಿನ ಹತ್ತಿರ ಬೆರಳು ಒಯ್ದಳು. ಚುರ್ರೆಂದಿತು.

"ಇದನ್ನ ಸ್ಟಾರ್ಟ್ ಮಾಡಿದ್ದು ಯಾರು?"

ತಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಸಾವಿನ ಮನೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅದರ ತೋಳಿಗೆ ಗ್ರೀಸು ಹತ್ತಿತ್ತು. "ನಾನೇ. ಒಂದ್ಸಲ ಹಾಗೇ ಓಡಿಸಿ ನೋಡ್ದೆ. ಅದಕ್ಕೇನೀಗ?"

"ನಾನು ಮಣ್ಣು ಮಾಡೋ ಜಾಗ ನೋಡ್ಕೊಂಡು ಬರೋಕೆ ಹೋದ ಹೊತ್ತೇ ಸಿಕ್ತಾ ನಿನಗೆ? ಅಪ್ಪ ಒಳಗೆ ಮಲಗಿರುವಾಗ."

"ಸದ್ದಿಗೆ ಎದ್ದು ಬರ್ತಿದ್ನಾ?"

ಅವಳು ಸೀಟಿನ ಮೇಲಿದ್ದ ಸ್ಪಾನರನ್ನು ಎತ್ತಿಕೊಂಡಳು. ಬಾಯಿ ತೆರೆದರೆ ಅದು ಎಲ್ಲಿಗೆ ಹೋಗುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ತಮ್ಮ ದನಿ ಇಳಿಸಿದ. "ಗಿಡದ ನರ್ಸರಿಯವನು ಬರ್ತಾನಲ್ಲ ಇವತ್ತು, ಅಪ್ಪನ್ನ ನೋಡೋಕೆ. ಅವನಿಗೆ ಒಂದು ಗಾಡಿ ಬೇಕಂತೆ. ಬಂದವನಿಗೆ ತೋರಿಸಿಬಿಡೋಣ ಅಂತ. ಇವತ್ತು ಬಿಟ್ರೆ ಬೇರೆ ಕಡೆ ಕೊಳ್ತಾನೆ. ತಣ್ಣಗಿರುವಾಗ ಇದು ಎಷ್ಟು ಸತಾಯಿಸುತ್ತೆ ಅಂತ ನಿನಗೇ ಗೊತ್ತು. ಬಂದೋರ ಎದುರು ಕೆಮ್ಮಿಕೊಂಡು ನಿಂತ್ರೆ ಯಾರು ಕೊಳ್ತಾರೆ?"

ಮಾರುವುದಂತೆ, ಅದೂ ಇವತ್ತೇ ಅಂತೆ. ಅದೆಲ್ಲ ಒಂದು ತೂಕವಾದರೆ ಈ ಬೆಚ್ಚಗಿನ ಬಾನೆಟ್ಟೇ ಒಂದು ತೂಕ. ಅವಳ ಮೈ ಉರಿದುಹೋಯಿತು. ಆ ಊರಲ್ಲಿ ಯಾರೇ ಹಳೇ ಗಾರ್ಡನ್ ಟ್ರ್ಯಾಕ್ಟರು ಕೊಳ್ಳಲಿ, ಅಂದರೆ ಸೀಟಿನ ಮೇಲೆ ಕೂತು ಹುಲ್ಲು ಕೊಯ್ಯುವ ಆ ಗಿಡ್ಡ ಗಾಡಿ, ಮೊದಲು ಅವಳ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ನಮಸ್ಕಾರಕ್ಕೂ ಮುಂಚೆ ಎಂಜಿನ್ನಿನ ಮೇಲೆ ಅಂಗೈ ಇಡುತ್ತಿದ್ದ. ಬಿಸಿಯಿದ್ದರೆ ಮಾರುವವನು ತಣ್ಣನೆ ಎಂಜಿನ್ನಿನ ರೋಗ ಮುಚ್ಚಿಡುತ್ತಿದ್ದಾನೆ ಅಂತಲೇ ಅರ್ಥ. "ನಡೀರಿ," ಎಂದಷ್ಟೇ ಹೇಳಿ ಅಪ್ಪ ವಾಪಸ್ಸು ಹೊರಡುತ್ತಿದ್ದ. ಕಾಫಿ ಕುಡಿದು ಹೋಗಿ ಅಂದರೂ ನಿಲ್ಲುತ್ತಿರಲಿಲ್ಲ. ಎಲ್ಲದರಲ್ಲೂ ಕೊಕ್ಕೆ ತೆಗೆಯುತ್ತಾನೆಂದು ಜನ ಅವನಿಗೆ ಕೊಕ್ಕೆ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಶಾಲೆಯ ಮೆಟ್ಟಿಲು ಅವನು ಹತ್ತಿದ್ದು ಅಲ್ಲಿನ ಹುಲ್ಲು ಕೊಯ್ಯುವುದಕ್ಕೆ ಮಾತ್ರ. ಅಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅವನ ಹೆಣ ಹೊರಡುವ ಮುಂಚೆ, ಅವನ ಗಾಡಿಯನ್ನೇ ಬಿಸಿ ಮಾಡಿ ನಿಲ್ಲಿಸಿದ್ದ.

"ನಾಚಿಕೆ ಆಗಲ್ವಾ ನಿನಗೆ?"

"ಯಾಕೆ ಆಗ್ಬೇಕು? ಬಂದಿದ್ರಲ್ಲಿ ನಿನಗೂ ಪಾಲು ಕೊಡ್ತೀನಲ್ಲ. ನೀನಾದ್ರೂ ಎಷ್ಟು ದಿನ ಅಂತ ಬಿಸಿಲಲ್ಲಿ ಹುಲ್ಲು ಕೊಯ್ಕೊಂಡಿರ್ತೀಯ? ವಯಸ್ಸೇನು ಹಿಂದಕ್ಕೆ ಹೋಗ್ತಿದ್ಯಾ? ನನ್ನ ಅಂಗಡೀಲಿ ಬಂದು ಕೂರು. ನೆರಳು, ಫ್ಯಾನು."

ತಮ್ಮನದು ಚಪ್ಪಲಿ ಅಂಗಡಿ. "ಕೂತು? ಬಂದವರ ಕಾಲು ಹಿಡ್ಕೊಳ್ಳಲಾ?" ಎಂದಳು ಅವಳು. "ಶಾಲೆ ಮೈದಾನ ನಾನು ಕೊಯ್ತೀನಿ. ಆಸ್ಪತ್ರೆ ಅಂಗಳ ನಾನು ಕೊಯ್ತೀನಿ. ಆ ಮೇಲಿನ ಬೀದಿ ಬಂಗಲೆಗಳು ಅಷ್ಟೂ ನನ್ನವು. ಈ ಗಾಡಿ ಹೋದ್ರೆ ನಾಳೆ ಬೆಳಿಗ್ಗೆ ಏನು, ಹಲ್ಲಲ್ಲಿ ಕೊಯ್ಯಲಾ?"

"ಗಾಡಿ ಅಪ್ಪಂದು. ನಿನ್ನದು ಅಂತ ಅವನು ಯಾವತ್ತಾದ್ರೂ ಅಂದಿದ್ನಾ?"

ಅಂದಿರಲಿಲ್ಲ. ತಮ್ಮನಿಗೆ ಎಲ್ಲಿ ಚುಚ್ಚಬೇಕೆಂದು ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಅಪ್ಪನ ತಂಗಿ, ಅತ್ತೆ, ಹಿತ್ತಿಲ ಬಾಗಿಲಿಗೆ ಬಂದು, "ಅಕ್ಕ ತಮ್ಮ ಇಬ್ಬರೂ ಇಲ್ಲಿ ಕೂಗಾಡ್ತಾ ನಿಂತ್ರೆ ಒಳಗೆ ಬಂದೋರನ್ನ ಹೆಣ ಎದ್ದು ಮಾತಾಡಿಸಬೇಕಾ?" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋದರು.

*

ಆ ಗಾಡಿ ಮನೆಗೆ ಬಂದ ದಿನ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಯಾವುದೋ ದೊಡ್ಡ ಬಂಗಲೆ. ಒಡೆಯ ಮುದುಕ, ಕೈಯಲ್ಲಿ ಊರುಗೋಲು. ಗಾಡಿಯ ಮೈತುಂಬ ಹೊಸ ಕೆಂಪು ಬಣ್ಣ. ಅಪ್ಪ ಅಂಗೈ ಇಟ್ಟ. ತಣ್ಣಗಿತ್ತು. ಆಮೇಲೆ ಗಾಡಿಯ ಸುತ್ತ ಹೆಣ ಕಾಯುವವನ ಮುಖ ಮಾಡಿಕೊಂಡು ಓಡಾಡಲು ಶುರು ಮಾಡಿದ.

"ಬಣ್ಣ ಹೊಸದು, ಪೆಡಲ್ಲಿನ ರಬ್ಬರು ನೋಡಿ, ಬೋಳು. ಎಷ್ಟು ದುಡಿಸಿದ್ದೀರೋ ಪಾಪ," ಎಂದ. ಬಗ್ಗಿ, ಬ್ಲೇಡುಗಳನ್ನು ಮುಚ್ಚುವ ಕೆಳಗಿನ ತಗಡಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದ. ಟಣ್ ಅನ್ನಬೇಕಾದ್ದು ಡಬ್ ಅಂದಿತು. "ತುಕ್ಕು. ಬಣ್ಣದ ಮೇಲೆ ನಿಂತಿದೆ ಅಷ್ಟೆ." ಸ್ಟಿಯರಿಂಗ್ ಅಲ್ಲಾಡಿಸಿದ. "ಇದು ಒಂದು ಕಡೆ ಹೇಳಿದ್ರೆ ಚಕ್ರ ಇನ್ನೊಂದು ಕಡೆ ಕೇಳಿಸ್ಕೊಳ್ಳುತ್ತೆ." ಹಿಂದಿನ ಟೈರನ್ನು ಒದ್ದ. ಸೀಟು ಹರಿದದ್ದು, ಬೆಲ್ಟು ಸವೆದದ್ದು, ಏರಿನಲ್ಲಿ ಜಾರುತ್ತದೆ ಅನ್ನುವುದು, ಒಂದೊಂದೇ. ಮುದುಕ ಕುಗ್ಗಿ ಊರುಗೋಲಿಗೆ ಒರಗಿಕೊಂಡ. ಅವಳಿಗೆ ಅಯ್ಯೋ ಅನಿಸಿ, "ಬೇಡ ಬಾರಪ್ಪ, ಹೋಗೋಣ," ಎಂದು ಪಿಸುಗುಟ್ಟಿದಳು. ಅಪ್ಪ ಅವಳ ಕಾಲು ತುಳಿದ.

ವಾಪಸ್ಸು ಬರುವಾಗ ಅಪ್ಪನೇ ಗಾಡಿ ಓಡಿಸಿದ. ಅವಳು ಹಿಂದಿನ ಕೊಂಡಿಯ ಮೇಲೆ ನಿಂತು ಅವನ ಭುಜ ಹಿಡಿದಿದ್ದಳು. ರಾಗ ತಾಳ ಯಾವುದೂ ಇಲ್ಲದ ಏನನ್ನೋ ಗುನುಗುತ್ತಿದ್ದ. ಅಪ್ಪ ಹಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಅಷ್ಟೊಂದು ಕೆಟ್ಟಿದ್ರೆ ಯಾಕೆ ಕೊಂಡೆ?"

"ಎಂಜಿನ್ ಬಗ್ಗೆ ನಾನೇನಾದ್ರೂ ಅಂದ್ನಾ?"

ಅವಳು ಯೋಚಿಸಿ ನೋಡಿದಳು. ಅಂದಿರಲಿಲ್ಲ.

"ಬಂಗಾರ ಅದು. ತಣ್ಣಗಿದ್ರೆ ಒಂದಿಷ್ಟು ಮೊಂಡು ಹಿಡಿಯುತ್ತೆ, ನಿನ್ನ ಥರ. ಹಿಡಿದ್ರೆ ಬಿಡಲ್ಲ. ಬೇಕು ಅನ್ನಿಸಿದ್ದನ್ನ ಬಾಯಿಬಿಟ್ಟು ಹೊಗಳಬಾರದು ಮೊಂಡಿ. ಹೊಗಳಿದ್ಯೋ, ಇನ್ಯಾರೋ ಎತ್ಕೊಂಡು ಹೋಗ್ತಾರೆ. ಇಲ್ಲಾ, ಇರೋನೇ ಬಿಗಿಯಾಗಿ ಹಿಡ್ಕೊಳ್ತಾನೆ."

ಅವತ್ತು ಇಬ್ಬರೂ ದಾರಿಯುದ್ದಕ್ಕೂ ನಕ್ಕರು. ಮುದುಕನ ಮೇಲಿನ ಅಯ್ಯೋ ಕೂಡ ಮನೆ ತಲುಪುವ ಹೊತ್ತಿಗೆ ಕರಗಿಹೋಗಿತ್ತು.

*

ಮುಂದಿನ ಕೋಣೆಯಲ್ಲಿ ಅಪ್ಪನನ್ನು ಕಿಟಕಿಯ ಪಕ್ಕ ಮಲಗಿಸಿದ್ದರು. ಗೋಡೆಗುಂಟ ಬಾಡಿಗೆಯ ಕುರ್ಚಿಗಳು. ಜನ ಬರುತ್ತಿದ್ದರು, ನೋಡುತ್ತಿದ್ದರು, ಕೂರುತ್ತಿದ್ದರು. ಬದುಕಿದ್ದಾಗ ಅಪ್ಪನ ಬಾಯಿಗೆ ಹೆದರಿ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದವರೇ ಈಗ ಅವನನ್ನು ಆಕಾಶಕ್ಕೆ ಏರಿಸುತ್ತಿದ್ದರು.

"ಎಂಥಾ ಮನುಷ್ಯ," ಎಂದ ಪೆಟ್ರೋಲ್ ಬಂಕಿನವನು. "ಒಂದು ಸುಳ್ಳು ಇಲ್ಲ."

"ಮಕ್ಕಳು ಅಂದ್ರೆ ಪ್ರಾಣ," ಎಂದಳು ಪಕ್ಕದ ಮನೆಯವಳು.

ಅವಳು ತಲೆ ಎತ್ತಿ ಪಕ್ಕದ ಮನೆಯವಳನ್ನು ನೋಡಿದಳು. ಅಪ್ಪ ತನ್ನನ್ನು ಬೈಯುವಾಗ ಈಕೆ ಬೇಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದದ್ದು ಅವಳಿಗೆ ಮರೆತಿರಲಿಲ್ಲ. ಯಾರಿಗೆ ಪ್ರಾಣ, ಎಂಥ ಪ್ರಾಣ. ಕಣ್ಣಲ್ಲಿ ನೀರಿಲ್ಲದ ಮಗಳೆಂದು ಅತ್ತೆ ಆಗಲೇ ಇಬ್ಬರ ಹತ್ತಿರ ಪಿಸುಗುಟ್ಟಿದ್ದಳು. ಅಳು ಎಲ್ಲಿಂದ ಬರಬೇಕು? ಅವಳ ಹೊಟ್ಟೆಯಲ್ಲಿ ವರ್ಷಗಳಿಂದ ಒಂದು ಕೆಂಡ ಕೂತಿತ್ತು, ಅದರ ಮೇಲೆ ಬಿದ್ದ ನೀರೆಲ್ಲ ಆರಿಹೋಗುತ್ತಿತ್ತು.

*

ಆ ಕೆಂಡ ಬಿದ್ದದ್ದು ವರ್ಷಗಳ ಹಿಂದೆ. ಅವತ್ತು ಅವಳು ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ಬ್ಲೇಡು ಬಿಚ್ಚುತ್ತಿದ್ದಳು. ಹೊರಗೆ ಅಪ್ಪನ ಜೊತೆ ಮಾತಾಡುತ್ತಿದ್ದವನು ಊರಿನ ಪಾರ್ಕುಗಳನ್ನೆಲ್ಲ ನೋಡಿಕೊಳ್ಳುವ ಸೂಪರ್‌ವೈಸರು. ಒಬ್ಬರು ಬೇಕಾಗಿದ್ದಾರೆ, ಕಾಯಂ ಕೆಲಸ, ದೊಡ್ಡ ಗಾಡಿಗಳು, ರಜೆ, ಮುಂದೆ ಪಿಂಚಣಿ. ಆಸ್ಪತ್ರೆಯ ಅಂಗಳ ನೋಡಿದೆ, ನಿಮ್ಮ ಮಗಳನ್ನು ಕಳಿಸಿಕೊಡಿ ಅನ್ನುತ್ತಿದ್ದ. ಅವಳು ನೆಲದ ಮೇಲೆ ಅಂಗಾತ ಮಲಗಿಕೊಂಡೇ ಉಸಿರು ಬಿಗಿಹಿಡಿದಳು. ಎಣ್ಣೆಯ ಹನಿ ಕೆನ್ನೆಗೆ ಬಿದ್ದರೂ ಒರೆಸಿಕೊಳ್ಳಲಿಲ್ಲ.

"ಅವಳಾ?" ಎಂದ ಅಪ್ಪ. "ತಿರುವಿನಲ್ಲಿ ಅವಸರ ಮಾಡ್ತಾಳೆ. ಬ್ಲೇಡು ಮಸೆಯೋಕೆ ಸೋಮಾರಿ, ನಾನು ಬೆನ್ನು ಹತ್ತಬೇಕು. ಹೇಳಿದ್ದು ಕೇಳಲ್ಲ. ದೊಡ್ಡೋರು ಚಿಕ್ಕೋರು ಅಂತ ಇಲ್ಲ, ಬಾಯಿಗೆ ಬಂದಿದ್ದು ಅಂದುಬಿಡ್ತಾಳೆ. ನಿಮ್ಮಲ್ಲಿ ನಾಲ್ಕು ಜನರ ಜೊತೆ ಏಗಬೇಕಲ್ಲ, ಆಗಲ್ಲ ಅವಳ ಕೈಲಿ."

"ಹುಲ್ಲು ಕೊಯ್ದ ಗೆರೆ ನೆಟ್ಟಗೆ ಬರುತ್ತಲ್ಲ ಅವಳದು. ಹಗ್ಗ ಹಿಡಿದ ಹಾಗೆ."

ಅದಕ್ಕೆ ಅಪ್ಪ ಏನೂ ಹೇಳಲಿಲ್ಲ. ಸೂಪರ್‌ವೈಸರು ಇನ್ನೊಂದಿಷ್ಟು ಹೊತ್ತು ನಿಂತು, ನೋಡೋಣ ಎಂದು ಹೊರಟುಹೋದ. ಆಮೇಲೆ ಬರಲಿಲ್ಲ.

ಅವಳು ಗಾಡಿಯ ಕೆಳಗಿನಿಂದ ಎದ್ದು ಬಂದು ಅಪ್ಪನ ಮುಂದೆ ನಿಂತಳು. "ಯಾಕೆ ಹಾಗೆ ಅಂದೆ?"

"ಇದ್ದದ್ದೇ ಅಂದೆ. ಸುಳ್ಳೇನಾದ್ರೂ ಅಂದ್ನಾ?"

ಒಂದೂ ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಉರಿಯಿತು. ಮದುವೆಯ ಮಾತು ಬಂದಾಗಲೂ ಅಪ್ಪ ಹೀಗೇ ಇದ್ದದ್ದನ್ನೇ ಹೇಳಿದ್ದ. ಬಂದವರು ಟೀ ಕುಡಿದು ಎದ್ದು ಹೋಗಿದ್ದರು. ಪಾರ್ಕಿನ ಕೆಲಸ ತಪ್ಪಿದ ದಿನದಿಂದ ಅಪ್ಪನ ಜೊತೆ ಗಾಡಿಯ ಮಾತು ಬಿಟ್ಟು ಇನ್ನೊಂದು ಮಾತು ಅವಳು ಆಡಲಿಲ್ಲ. ಅಪ್ಪನಿಗೂ ಬೇರೆ ಮಾತು ಬೇಕಾದಂತೆ ಕಾಣಲಿಲ್ಲ.

*

ನರ್ಸರಿಯವನು ಬಂದ. ದಪ್ಪಗಿನ ಆಳು, ಉಗುರಿನ ತುಂಬ ಮಣ್ಣು. ಸಾವಿನ ಮನೆಗೂ ಅದನ್ನು ಬಿಟ್ಟು ಬಂದಿರಲಿಲ್ಲ. ಅಪ್ಪ ಅವನಿಗೆ ಎಷ್ಟೋ ಗಾಡಿ ಕೊಡಿಸಿದ್ದ, ಅದಕ್ಕಿಂತ ಹೆಚ್ಚು ಗಾಡಿ ಬಿಡಿಸಿದ್ದ. ಗೇಟಿನಲ್ಲೇ ತಮ್ಮ ಅವನ ತೋಳು ಹಿಡಿದು, "ಒಂದು ನಿಮಿಷ, ಹಿತ್ತಿಲ ಕಡೆಯಿಂದ ಹೋಗೋಣ," ಎಂದು ಶೆಡ್ಡಿಗೆ ಕರೆದೊಯ್ದ. ಅದನ್ನು ಕಂಡು ಅವಳು ಕುರ್ಚಿಯಿಂದ ಎದ್ದಳು.

ಅವಳು ಹೋಗಿ ತಲುಪುವಷ್ಟರಲ್ಲಿ ನರ್ಸರಿಯವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟಾಗಿತ್ತು. ಕಲಿಸಿದವನು ಒಳಗೆ ಮಲಗಿದ್ದ. ಪಾಠ ಮಾತ್ರ ಇಲ್ಲಿ ನಿಂತಿತ್ತು. ಅವನು ಕೈ ತೆಗೆದು ತಮ್ಮನ ಮುಖ ನೋಡಿದ.

"ನಾನು ಒಳಗೆ ಹೋಗಿ ಅವನನ್ನ ನೋಡ್ಕೊಂಡು ಬರ್ತೀನಿ," ಎಂದ. "ಅಷ್ಟರಲ್ಲಿ ಇದು ತಣ್ಣಗಾಗಲಿ."

ತಮ್ಮನ ಮುಖ ಸುಣ್ಣದ ಗೋಡೆಯಂತಾಯಿತು. ಅವಳಿಗೆ ನಗಬೇಕೆನಿಸಿತು, ಆದರೆ ಕೋಪ ನಗುವಿಗೆ ಜಾಗ ಕೊಡಲಿಲ್ಲ. ನರ್ಸರಿಯವನು ಬಹಳ ಹೊತ್ತು ಅಪ್ಪನ ತಲೆಯ ಹತ್ತಿರ ಕೂತಿದ್ದು, ಕಣ್ಣು ಕೆಂಪು ಮಾಡಿಕೊಂಡು ವಾಪಸ್ಸು ಬಂದ. ಅಪ್ಪನನ್ನು ಒಯ್ಯುವ ವ್ಯಾನು ಬರಲು ಇನ್ನೂ ಸಮಯವಿತ್ತು.

"ತೋರಿಸು," ಎಂದ ತಮ್ಮನಿಗೆ.

ತಮ್ಮ ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು. "ಅವನಿಗೇನು ಗೊತ್ತು? ನಾನು ಹೇಳ್ತೀನಿ. ಕೆಳಗಿನ ತಗಡು ನೋಡಿ, ನಾನೇ ಮೂರು ಕಡೆ ತೇಪೆ ಹಾಕಿದ್ದೀನಿ, ನಾಲ್ಕನೇದು ಬಾಯಿ ಬಿಡ್ತಿದೆ. ಸ್ಟಿಯರಿಂಗ್ ಸಡಿಲ, ನೆಟ್ಟಗೆ ಹೋಗಬೇಕಾದ್ರೆ ಸೊಟ್ಟ ಹಿಡೀಬೇಕು. ಬಲಗಡೆ ಹಿಂದಿನ ಟೈರು ದಿನಾ ಬೆಳಿಗ್ಗೆ ಗಾಳಿ ಕೇಳುತ್ತೆ. ಏರಿಗೆ ಬಂದ್ರೆ ಜಾರುತ್ತೆ. ಹುಲ್ಲು ಒದ್ದೆಯಿದ್ರೆ ಬಾಯಿಗೆ ತುಂಬ್ಕೊಂಡು ನಿಂತುಬಿಡುತ್ತೆ, ಇಳಿದು ಕೈ ಹಾಕಿ ತೆಗೀಬೇಕು. ಸೀಟಿನ ಸ್ಪ್ರಿಂಗು ಹೋಗಿದೆ, ಸಂಜೆ ಹೊತ್ತಿಗೆ ಸೊಂಟ ಇರಲ್ಲ. ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲ, ಅದಕ್ಕೇ ಈ ಮಹಾರಾಯ ಬೆಳಿಗ್ಗೆಯೇ ಬಿಸಿ ಮಾಡಿಟ್ಟಿದ್ದು. ಇದನ್ನ ಕೊಂಡ್ರೆ ನೀವು ದಿನಾ ನನ್ನನ್ನ ಬೈಕೋತೀರ."

"ತಲೆ ಕೆಟ್ಟಿದೆ ಇವಳಿಗೆ," ಎಂದ ತಮ್ಮ.

ನರ್ಸರಿಯವನು ಅವಳನ್ನೇ ನೋಡುತ್ತಿದ್ದ. ಟೈರು ಒದೆಯಲಿಲ್ಲ, ಬಗ್ಗಿ ತಗಡು ನೋಡಲಿಲ್ಲ. "ಎಲ್ಲಾ ಹೇಳ್ದೆ," ಎಂದ ನಿಧಾನಕ್ಕೆ. "ಸ್ಟಾರ್ಟ್ ಆದ್ಮೇಲೆ ಎಂಜಿನ್ ಹೇಗೆ ಅಂತ ಮಾತ್ರ ಏನೂ ಹೇಳ್ಲಿಲ್ಲ."

ಅವಳು ಬಾನೆಟ್ಟಿನ ಮೇಲೆ ಕೈ ಇಟ್ಟಳು.

"ಅಷ್ಟು ಬೇಕಾ ಇದು ನಿನಗೆ?" ಎಂದ ಅವನು. ಆಮೇಲೆ ತಮ್ಮನ ಕಡೆ ತಿರುಗಿ, "ನಾನು ಕೊಳ್ಳಲ್ಲಪ್ಪ. ಇದು ಅವಳ ಗಾಡಿ. ಯಾರ ಹೆಸರಲ್ಲಿ ಇದ್ರೂ ಅವಳದ್ದೇ. ಬೇರೆ ಯಾರನ್ನಾದ್ರೂ ಕರ್ಕೊಂಡು ಬಂದ್ಯೋ, ಬೆಳಿಗ್ಗೆ ನೀನು ಮಾಡಿದ್ದು ಏನು ಅಂತ ಅವರಿಗೆ ನಾನೇ ಹೇಳ್ತೀನಿ," ಎಂದ.

ತಮ್ಮ ಒದ್ದೆ ಬಟ್ಟೆಯನ್ನು ನೆಲಕ್ಕೆ ಎಸೆದ. "ಇಟ್ಕೋ. ಇಟ್ಕೊಂಡು ಪೂಜೆ ಮಾಡು. ಕೆಟ್ಟು ನಿಂತ ದಿನ ಮಾತ್ರ ನನ್ನ ಅಂಗಡಿ ಬಾಗಿಲಿಗೆ ಬರಬೇಡ." ಹಾಗೆಂದು ಹಿತ್ತಿಲ ಬಾಗಿಲು ಧಡಾರನೆ ಹಾಕಿಕೊಂಡು ಒಳಗೆ ಹೋದ.

ಗೆದ್ದಿದ್ದಳು. ಗಾಡಿ ಉಳಿಯಿತು, ಕೆಲಸ ಉಳಿಯಿತು, ಶಾಲೆಯ ಮೈದಾನ ಉಳಿಯಿತು. ಆದರೂ ಒಳಗಿನ ಕೆಂಡ ಇನ್ನೂ ಕೆಂಪಾಗುತ್ತಿತ್ತು, ಯಾಕೆಂದು ಮೊದಲು ಹೊಳೆಯಲಿಲ್ಲ. ನರ್ಸರಿಯವನು ಸಮಾಧಾನ ಮಾಡಲು ಹೋಗಿ ಅದನ್ನು ಊದಿಬಿಟ್ಟ.

"ಥೇಟ್ ನಿಮ್ಮಪ್ಪನೇ," ಎಂದ. "ನಿನ್ನ ಬಗ್ಗೇನೂ ಹೀಗೇ ಮಾತಾಡ್ತಿದ್ದ. ನನ್ನ ಹತ್ರ, ಬಂಕಿನವನ ಹತ್ರ, ಎಲ್ಲರ ಹತ್ರ. ಹೀಗಂತೆ ಹಾಗಂತೆ, ಮುಗೀತಾನೇ ಇರ್ಲಿಲ್ಲ. ನಿನ್ನ ಗೆರೆ ಬಗ್ಗೆ ಮಾತ್ರ ಒಂದು ದಿನವೂ ಬಾಯಿ ಬಿಡ್ಲಿಲ್ಲ. ನಮಗೆಲ್ಲ ಅರ್ಥ ಆಗ್ತಿತ್ತು. ನಾವು ಹಿಂದೆ ನಗ್ತಿದ್ವಿ. ಇವನಿಗೆ ಮಗಳು ಬಂಗಾರ ಅಂತ."

"ನಿಮಗೆಲ್ಲ ಅರ್ಥ ಆಗ್ತಿತ್ತು," ಎಂದಳು ಅವಳು.

"ಮತ್ತೆ."

"ನನಗೆ ಯಾಕೆ ಯಾರೂ ಹೇಳ್ಲಿಲ್ಲ?"

ಅವನು ಉಗುರಿನ ಮಣ್ಣು ತೆಗೆಯತೊಡಗಿದ.

"ಪಾರ್ಕಿನ ಕೆಲಸ ಹೋಯ್ತು ನಂದು. ಬಂದ ಸಂಬಂಧ ಹೋಯ್ತು. ಮಾರೋನ ಎದುರು ಹಳೇ ಗಾಡೀನ ತೆಗಳ್ತಾರೆ, ಸರಿ, ಅದು ವ್ಯಾಪಾರ. ನಾನು ಅವನ ಮಗಳು. ಅವನ ಮನೇಲೇ ಹುಟ್ಟಿದ್ದೆ. ನನ್ನನ್ನ ಯಾರಿಂದ ಕೊಳ್ಳಬೇಕಿತ್ತು ಅವನು? ಯಾರ ಜೊತೆ ಚೌಕಾಸಿ ಮಾಡ್ತಿದ್ದ ಇಷ್ಟು ವರ್ಷ?" ತಮ್ಮ ಎಸೆದು ಹೋದ ಬಟ್ಟೆಯನ್ನು ಅವಳು ಕಾಲಿನಿಂದ ಒದ್ದಳು. "ನನಗೆ ಬೇಕಾಗಿದೀಯ ಅಂತ ಒಂದು ಮಾತು. ಬಾಗಿಲು ಹಾಕ್ಕೊಂಡು, ಯಾರಿಗೂ ಕೇಳಿಸದ ಹಾಗೆ ಹೇಳಿದ್ರೆ ಸಾಕಿತ್ತು. ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ."

ಬೀದಿಯಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು.

*

ಗುಂಡಿಯ ಸುತ್ತ ಜನ ನಿಂತರು. ಮಣ್ಣು ಎಳೆಯುವ ಇಬ್ಬರು ಸಲಿಕೆ ಹಿಡಿದು ಒಂದು ಬದಿಗೆ ಸರಿದರು. ಮಣ್ಣು ಹಾಕುವ ಮೊದಲು ಹತ್ತಿರದವರು ಒಂದೆರಡು ಮಾತು ಆಡಬೇಕೆಂದಾಯಿತು. ಬಂಕಿನವನು ಪ್ರಾಮಾಣಿಕತೆಯ ಬಗ್ಗೆ ಹೇಳಿದ. ತಮ್ಮ ಗ್ರೀಸು ಹತ್ತಿದ ತೋಳು ಮಡಚಿಕೊಂಡು, ಅಪ್ಪನಂಥ ಅಪ್ಪ ಯಾರಿಗೂ ಸಿಗಲ್ಲ ಎಂದ. ಅತ್ತೆ ಅಣ್ಣನ ಒಳ್ಳೆಯ ಮನಸ್ಸನ್ನು ನೆನೆದು ಅತ್ತಳು. ಎಲ್ಲರೂ ತಲೆ ಅಲ್ಲಾಡಿಸಿದರು. ಆಮೇಲೆ ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು.

ಅವಳು ಗುಂಡಿಯ ಅಂಚಿಗೆ ಬಂದು ನಿಂತಳು. ಕೆಳಗೆ ನೋಡಿದಳು.

"ಬಾಯಿ ಒರಟು," ಎಂದಳು.

ಯಾರೋ ಕೆಮ್ಮಿದರು.

"ಕಿವಿ ಮಂದ, ಆದ್ರೆ ಒಪ್ಪಿಕೊಳ್ತಿರ್ಲಿಲ್ಲ. ನಾವೇ ಮೆಲ್ಲಗೆ ಮಾತಾಡ್ತೀವಿ ಅಂತಿದ್ದ. ಊಟಕ್ಕೆ ಕೂತ್ರೆ ಉಪ್ಪು ಕಮ್ಮಿ. ಎರಡನೇ ಸಲ ಬಡಿಸಿಕೊಂಡ ಮೇಲೂ ಉಪ್ಪು ಕಮ್ಮಿ. ಅಮ್ಮ ಹಾಸಿಗೆ ಹಿಡಿದಾಗ ಪಕ್ಕ ಕೂರೋಕೆ ಧೈರ್ಯ ಇಲ್ಲ, ಶೆಡ್ಡಿನಲ್ಲಿ ಚೆನ್ನಾಗಿದ್ದ ಕಾರ್ಬ್ಯುರೇಟರನ್ನ ಬಿಚ್ಚೋದು, ಜೋಡಿಸೋದು, ಮತ್ತೆ ಬಿಚ್ಚೋದು. ಜ್ವರ ಬಂದ್ರೆ ಮಾತ್ರೆ ತಗೊಳ್ತಿರ್ಲಿಲ್ಲ, ನಮ್ಮನ್ನ ಬೈಯ್ತಿದ್ದ."

"ಏನೇ ಇದು," ಎಂದು ಅತ್ತೆ ಅವಳ ಮೊಣಕೈ ಎಳೆದಳು. "ಸತ್ತವರ ಮುಂದೆ ಹೀಗಾ ಮಾತಾಡೋದು? ಸಾಕು, ಬಾ."

"ಹೇಳಲಿ ಬಿಡಿ," ಎಂದ ನರ್ಸರಿಯವನು. ಅವನ ಕಣ್ಣಿನಿಂದ ಧಾರಾಕಾರವಾಗಿ ನೀರು ಇಳಿಯುತ್ತಿತ್ತು. ಒರೆಸಿಕೊಂಡ ಕಡೆಯೆಲ್ಲ ಉಗುರಿನ ಮಣ್ಣು ಮುಖಕ್ಕೆ ಹತ್ತಿತು.

ಅವಳು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಸೋತ್ರೆ ಒಪ್ಪಲ್ಲ. ತಪ್ಪಾಯ್ತು ಅನ್ನೋ ಮಾತು ಬಾಯಲ್ಲಿ ಇಲ್ಲವೇ ಇಲ್ಲ. ಒಂದು ಸಲ ತಲೆ ಸವರಿದವನಲ್ಲ. ಮಳೇಲಿ ನೆನೆದು ಬಂದ್ರೆ ಗಾಡಿ ನೆನೀತಾ ಅಂತ ಕೇಳ್ತಿದ್ದ. ನಿದ್ದೇಲಿ ಗೊರಕೆ. ಎದ್ರೆ ಸಿಡುಕು. ಮೊಣಕಾಲು ನೋವು, ಹೇಳ್ಕೊಳ್ತಿರ್ಲಿಲ್ಲ, ಮೆಟ್ಟಿಲಿಗೆ ಬೈಯ್ತಿದ್ದ."

ಮಣ್ಣು ಎಳೆಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಮುಗಿಸುವ ಹಾಗೆ ಕಾಣಲಿಲ್ಲ. ಅವರಲ್ಲಿ ಹಿರಿಯನು ಸಲಿಕೆಯನ್ನು ಸದ್ದಾಗದಂತೆ ಕೆಳಗಿಟ್ಟು ಹುಲ್ಲಿನ ಮೇಲೆ ಕೂತ. ಇನ್ನೊಬ್ಬನೂ ಕೂತ.